ಬೋರ್‌ನಲ್ಲಿ ಅರ್ಧ ಇಂಚು ಇಳಿದರೆ ಅರ್ಧ ತೋಟ ಹೋದಂಗೆ: ಬೇಸಿಗೆ ಟೊಮೆಟೊ ನಾಟಿಗೂ ಮುಂಚೆ ಮಾಡಬೇಕಾದ ಲೆಕ್ಕ

ಕೋಲಾರ: ಶಿವರಾತ್ರಿ ಕಳೆದ ಮೇಲೆ ಜಿಲ್ಲೆಯ ಯಾವ ರಸ್ತೆಯಲ್ಲಿ ಹೋದರೂ ಹೊಂಗೆ ಚಿಗುರಿರುತ್ತೆ. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳಲ್ಲಿ ಹೂವು ಉದುರಿ ಪೀಚು ಕಚ್ಚಿರುತ್ತೆ. ಮುಳಬಾಗಿಲು, ಕೋಲಾರದ ಕಡೆ ಹೊಲಗಳಲ್ಲಿ ಬೆಳ್ಳಿ ಬಣ್ಣದ ಮಲ್ಚಿಂಗ್ ಪೇಪರ್ ಬಿಸಿಲಿಗೆ ಹೊಳೀತಾ ಇರುತ್ತೆ. ದೂರದಿಂದ ನೋಡಿದವರು ಕೆರೆ ತುಂಬಿದೆ ಅಂದ್ಕೋಬೇಕು, ಹಂಗೆ.

ಆ ಪೇಪರ್ ಕೆಳಗೆ ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಮುಂದಿನ ಆರು ತಿಂಗಳ ಖರ್ಚು ಕೂತಿರುತ್ತೆ. ಮಗಳ ಕಾಲೇಜ್ ಫೀಸು, ಸಂಘದ ಸಾಲದ ಕಂತು, ಮನೆ ಗಾರೆ ಕೆಲಸ ಎಲ್ಲಾ. ಒಂದು, ಒಂದೂವರೆ ಎಕರೆ ಇರೋ ರೈತ ಯುಗಾದಿ ಹಿಂದೆಮುಂದೆ ಏನು ನೆಡ್ತಾನೆ, ಎಷ್ಟು ನೆಡ್ತಾನೆ ಅನ್ನೋದರ ಮೇಲೆ ಆಷಾಢದಲ್ಲಿ ಅವನು ಮಂಡಿಯಿಂದ ದುಡ್ಡು ತರ್ತಾನೋ ಇಲ್ಲಾ ಚೀಟಿ ಮಾತ್ರ ತರ್ತಾನೋ ಅನ್ನೋದು ನಿಂತಿದೆ. ಇದರಲ್ಲಿ ‘ಎಷ್ಟು ನೆಡಬೇಕು’ ಅನ್ನೋ ಪ್ರಶ್ನೆಗೆ ಜನ ಕೊಡೋ ಗಮನ ಕಮ್ಮಿ ಅಂತ ನನಗೆ ಅನಿಸುತ್ತೆ. ಯಾವ ತಳಿ, ಯಾವ ಔಷಧಿ ಅಂತ ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡ್ತೀವಿ. ನೀರು ಅಳೆದು ನೆಡೋರು ಕಮ್ಮಿ.

ಈ ಕಾಲದ ನಾಟಿಗೆ ಇಷ್ಟೊಂದು ಬೆಲೆ ಬರೋದಕ್ಕೆ ಕಾರಣ ಇದೆ. ಟೊಮೆಟೊ ಗಿಡಕ್ಕೆ ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಣ್ಣಗಾಗದಿದ್ರೆ ಹೂವು ಉದುರುತ್ತೆ, ಕಾಯಿ ಕಚ್ಚಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉತ್ತರ ಭಾರತದ ಬಯಲಿನಲ್ಲಿ ಆಗೋದು ಇದೇ. ನಮ್ಮ ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ಹಗಲು ಎಷ್ಟೇ ಉರಿದರೂ ರಾತ್ರಿ ಸ್ವಲ್ಪ ತಂಪಾಗುತ್ತೆ, ಕಾಯಿ ನಿಲ್ಲುತ್ತೆ. ಅದಕ್ಕೇ ಜೂನ್, ಜುಲೈನಲ್ಲಿ ಹೊರ ರಾಜ್ಯದ ಲಾರಿಗಳು ಕೋಲಾರ ಎಪಿಎಂಸಿ, ಮುಳಬಾಗಿಲು ತಾಲೂಕಿನ ವಡ್ಡಹಳ್ಳಿ, ಪಕ್ಕದ ಚಿಂತಾಮಣಿ, ಗಡಿ ಆಚೆ ಮದನಪಲ್ಲಿ ಮಾರುಕಟ್ಟೆಗಳ ಮುಂದೆ ಸಾಲುಗಟ್ಟಿ ನಿಲ್ತವೆ. 2023ರ ಜುಲೈ ಯಾರೂ ಮರೆತಿಲ್ಲ. 15 ಕೆ.ಜಿ. ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಕೂತಿದ್ರು. ಅದೇ ವರ್ಷ ಸೆಪ್ಟೆಂಬರ್ ಹೊತ್ತಿಗೆ ರೇಟು ಪಾತಾಳಕ್ಕೆ ಬಿದ್ದಿದ್ದು ಮಾತ್ರ ಬಹಳ ಜನಕ್ಕೆ ನೆನಪಿಲ್ಲ. ಆ ಜುಲೈ ನೋಡಿ ಗಿಡ ಹಾಕಿದವರಿಗೆ ನೆನಪಿರುತ್ತೆ.

ಇಂಚು ಅಂದ್ರೆ ಎಷ್ಟು ಲೀಟರ್?

ನಮ್ಮ ಕಡೆ ಬೋರ್ ನೀರನ್ನ ಇಂಚಿನಲ್ಲಿ ಹೇಳ್ತೀವಿ. “ಎರಡು ಇಂಚು ಬಿದ್ದಿತ್ತು, ಈಗ ಒಂದೂವರೆ ಬರ್ತಿದೆ.” ಕೇಳೋರಿಗೆ ಕಾಲು ಭಾಗ ಕಮ್ಮಿಯಾಗಿದೆ ಅನ್ನಿಸುತ್ತೆ. ಅಲ್ಲ. ಅರ್ಧಕ್ಕೆ ಅರ್ಧ ಕಮ್ಮಿಯಾಗಿದೆ.

ಇದು ಯಾಕೆ ಅಂದ್ರೆ, ಬೋರ್ ಕೊರೆಯೋರು ನೀರು ಅಳೆಯೋದು ‘ವಿ’ ಆಕಾರದ ಕಚ್ಚು ಇರೋ ತಗಡಿನಲ್ಲಿ. ಆ ಕಚ್ಚಿನ ತುದಿಯಿಂದ ನೀರು ಎಷ್ಟು ಎತ್ತರಕ್ಕೆ ಹರೀತಿದೆ ಅನ್ನೋದೇ ಇಂಚು. ಮೇಲೆ ಹೋದಂಗೆ ಕಚ್ಚು ಅಗಲ ಆಗ್ತಾ ಹೋಗುತ್ತೆ, ಹಂಗಾಗಿ ಎತ್ತರ ಎರಡರಷ್ಟಾದ್ರೆ ನೀರು ಎರಡರಷ್ಟಲ್ಲ, ಐದೂವರೆ ಪಟ್ಟು ಆಗುತ್ತೆ. 90 ಡಿಗ್ರಿ ಕಚ್ಚಿನ ಲೆಕ್ಕದಲ್ಲಿ ಒಂದು ಇಂಚು ಅಂದ್ರೆ ಗಂಟೆಗೆ ಸುಮಾರು 500 ಲೀಟರ್. ಒಂದೂವರೆ ಇಂಚು ಅಂದ್ರೆ 1,400 ಲೀಟರ್. ಎರಡು ಇಂಚು ಅಂದ್ರೆ 2,900 ಲೀಟರ್. ಮೂರು ಇಂಚಿಗೆ ಹತ್ತತ್ರ 8,000.

ತಗಡು ಹುಡುಕೋದು ಬೇಡ. 200 ಲೀಟರ್‌ನ ಡ್ರಮ್ ಒಂದು ಪೈಪ್ ಕೆಳಗೆ ಇಟ್ಟು ಮೊಬೈಲ್‌ನಲ್ಲಿ ಟೈಮ್ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದ್ರೆ ಎರಡು ಇಂಚು. ಎಂಟೂವರೆ ನಿಮಿಷ ತಗೊಂಡ್ರೆ ಒಂದೂವರೆ. ಆದ್ರೆ ಮೋಟಾರ್ ಹಾಕಿದ ತಕ್ಷಣ ಅಳೀಬೇಡಿ, ರಾತ್ರಿಯೆಲ್ಲಾ ನಿಂತ ನೀರು ಮೊದಲು ಜೋರಾಗೇ ಬರುತ್ತೆ. ಎರಡು ಗಂಟೆ ಓಡಿದ ಮೇಲೆ ಎಷ್ಟು ಬರುತ್ತೋ ಅದು ನಿಜವಾದ ನೀರು. ಇನ್ನೊಂದು ವಿಷಯ, ಫೆಬ್ರವರಿಯಲ್ಲಿ ಅಳೆದಿದ್ದು ಮೇ ತನಕ ಹಂಗೇ ಇರಲ್ಲ. ಹೋದ ವರ್ಷ ಇದೇ ಬೋರು ಬೇಸಿಗೆಯಲ್ಲಿ ಎಷ್ಟು ಇಳಿದಿತ್ತು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತೆ, ಅಷ್ಟು ಕಳೆದೇ ಲೆಕ್ಕ ಹಾಕ್ಬೇಕು.

ಈಗ ಗಿಡದ ಕಡೆ ಬನ್ನಿ. ಐದು ಅಡಿಗೊಂದು ಸಾಲು, ಸಾಲಿನಲ್ಲಿ ಒಂದೂವರೆ ಅಡಿಗೊಂದು ಗಿಡ ಅಂದ್ರೆ ಎಕರೆಗೆ 5,800, ಲೆಕ್ಕಕ್ಕೆ ಆರು ಸಾವಿರ ಅಂತಿಟ್ಕೊಳ್ಳಿ. ಮಲ್ಚಿಂಗ್ ಇದ್ದು ಡ್ರಿಪ್ ಇದ್ರೂ ಕಾಯಿ ಕಚ್ಚೋ ಕಾಲದಲ್ಲಿ, ಏಪ್ರಿಲ್ ಬಿಸಿಲಿಗೆ ಒಂದೊಂದು ಗಿಡಕ್ಕೆ ದಿನಕ್ಕೆ ಮೂರು ಲೀಟರ್ ಆದ್ರೂ ಬೇಕು. ಆರು ಸಾವಿರ ಗಿಡಕ್ಕೆ 18 ಸಾವಿರ ಲೀಟರ್. ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಅಂತ ಸರ್ಕಾರದ ಮಾತು. ಏಳಕ್ಕೆ ಏಳೂ ಬಂತು ಅಂತಲೇ ಇಟ್ಕೊಂಡ್ರೂ ಎರಡು ಇಂಚಿನ ಬೋರು ಕೊಡೋದು 20 ಸಾವಿರ ಲೀಟರ್. ಒಂದು ಎಕರೆಗೆ ಸರಿಹೋಗುತ್ತೆ, ಉಳಿಯೋದೇನಿಲ್ಲ. ಅದೇ ಬೋರು ಒಂದೂವರೆಗೆ ಇಳಿದ್ರೆ ಸಿಗೋದು ಹತ್ತು ಸಾವಿರ ಲೀಟರ್‌ಗಿಂತ ಕಮ್ಮಿ. ಮೂರು ಸಾವಿರ ಗಿಡಕ್ಕೆ ಮಾತ್ರ.

ನೀರು ಸಾಲದಿದ್ರೂ ಆರು ಸಾವಿರ ನೆಟ್ಟು, ಇರೋದನ್ನೇ ಹಂಚಿದ್ರೆ ಏನಾಗುತ್ತೆ? ಗಿಡ ಸಾಯಲ್ಲ. ಅದೇ ಮೋಸ. ಗಿಡ ಹಸಿರಾಗೇ ಇರುತ್ತೆ, ಹೂವೂ ಬಿಡುತ್ತೆ. ಆಮೇಲೆ ಕಾಯಿ ಗೋಲಿ ಗಾತ್ರಕ್ಕೇ ನಿಲ್ಲುತ್ತೆ, ಇಲ್ಲಾ ಬುಡದಲ್ಲಿ ಕಪ್ಪು ಮಚ್ಚೆ ಆಗಿ ಕೊಳೆಯುತ್ತೆ. ಬುಡ ಕಪ್ಪಾದ ಕಾಯಿ ಹಿಡ್ಕೊಂಡು ಔಷಧಿ ಅಂಗಡಿಗೆ ಓಡೋರನ್ನ ಪ್ರತಿ ಬೇಸಿಗೆಯಲ್ಲೂ ನೋಡ್ತೀನಿ. ಅದು ರೋಗ ಅಲ್ಲ. ಗಿಡಕ್ಕೆ ಕ್ಯಾಲ್ಸಿಯಂ ಕಾಯಿ ತನಕ ತಲುಪ್ತಿಲ್ಲ ಅಂತ ಅರ್ಥ, ತಲುಪದೇ ಇರೋದಕ್ಕೆ ಬಹಳಷ್ಟು ಸಲ ಕಾರಣ ಒಂದಿನ ನೀರು ಜಾಸ್ತಿ, ಎರಡು ದಿನ ಇಲ್ಲ ಅನ್ನೋ ಥರ ಬಿಡೋದು. ಬಾಟಲಿಯಲ್ಲಿ ಕ್ಯಾಲ್ಸಿಯಂ ತಂದು ಹೊಡೆದ್ರೆ ಸ್ವಲ್ಪ ಅನುಕೂಲ, ನೀರು ಸರಿಹೋಗದೆ ಪೂರ್ತಿ ನಿಲ್ಲಲ್ಲ.

ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಇಲ್ಲಿ ಹೇಳದಿದ್ರೆ ಓದುಗರು ಬಿಡಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೆರೆ ಪಕ್ಕದ ಊರುಗಳಲ್ಲಿ ಬತ್ತಿದ್ದ ಬೋರುಗಳಲ್ಲಿ ನೀರು ಬಂದಿದ್ದು ನಿಜ. ಯೋಜನೆ ಇರೋದು ಅಂತರ್ಜಲಕ್ಕೆ, ಕೆರೆಯಿಂದ ನೇರವಾಗಿ ಮೋಟಾರ್ ಇಟ್ಟು ಹೊಲಕ್ಕೆ ಎತ್ತೋ ಹಾಗಿಲ್ಲ. ಮೂರನೇ ಹಂತದ ಶುದ್ಧೀಕರಣ ಆಗ್ಬೇಕು ಅನ್ನೋ ಬೇಡಿಕೆ ಅವತ್ತಿಂದ ಇವತ್ತಿನವರೆಗೂ ಇದೆ. ಆ ಚರ್ಚೆ ಬೇರೆ. ಆದರೆ ಆ ಭಾಗದ ರೈತರು ಮಣ್ಣಿನ ಜೊತೆ ಬೋರ್ ನೀರನ್ನೂ ಪರೀಕ್ಷೆ ಮಾಡಿಸೋದು ಒಳ್ಳೇದು. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನೀರಲ್ಲೇ ಸಾರಜನಕ ಇದ್ರೆ ಯೂರಿಯಾ ಹಾಕೋ ಲೆಕ್ಕ ಬದಲಾಗುತ್ತೆ. ಗೊತ್ತಿಲ್ಲದೆ ಎರಡೂ ಸೇರಿದ್ರೆ ಗಿಡ ಸೊಕ್ಕಿ ಬೆಳೆಯುತ್ತೆ, ಕಾಯಿ ಬಿಡಲ್ಲ.

ಮಾಘದಿಂದ ಚೈತ್ರದವರೆಗೆ ಕೈಗೆ ಬಿಡುವಿಲ್ಲ

ರಾಗಿ ಒಕ್ಕಣೆ ಮುಗಿದ ಮೇಲೆ ಭೂಮಿ ಕೆಲಸ ಶುರು. ಎರಡು ಸಲ ಉಳುಮೆ, ಹತ್ತು ದಿನ ಬಿಸಿಲಿಗೆ ಬಿಟ್ಟು ಮತ್ತೆ ರೋಟವೇಟರ್. ಬಿಸಿಲಿಗೆ ಬಿಡೋದು ಸೋಮಾರಿತನ ಅಲ್ಲ, ಮಣ್ಣಲ್ಲಿರೋ ಹುಳದ ಕೋಶ, ಸೊರಗು ರೋಗದ ಬೇರು ಒಣಗಲಿ ಅಂತ. ತಿಪ್ಪೆ ಗೊಬ್ಬರ ಪೂರ್ತಿ ಕಳಿತಿರಬೇಕು. ಅರೆಬರೆ ಕಳಿತ ಗೊಬ್ಬರ ಹಾಕಿ ಮೇಲೆ ಪೇಪರ್ ಮುಚ್ಚಿದ್ರೆ ಒಳಗೆ ಕಾವು ಏರಿ ಎಳೆ ಬೇರು ಸುಡುತ್ತೆ. ಈಗ ತಿಪ್ಪೆ ಗೊಬ್ಬರ ಸಿಗೋದೇ ಕಷ್ಟ, ಮನೆಮನೆಯಲ್ಲಿ ಇದ್ದ ಎತ್ತು ಹೋಗಿ ಒಂದೆರಡು ಸೀಮೆ ಹಸು ಉಳಿದಿವೆ. ಕೆಲವರು ಕೆರೆ ಗೋಡು ಹೊಡೆಸ್ತಾರೆ, ಕೆಮ್ಮಣ್ಣಿನ ಹೊಲಕ್ಕೆ ಅದು ಒಳ್ಳೇದೇ, ನೀರು ಹಿಡಿದಿಟ್ಟುಕೊಳ್ಳುತ್ತೆ.

ಮಡಿ ಏರಿಸಿ, ಡ್ರಿಪ್ ಪೈಪ್ ಎಳೆದು, ಒಂದು ಸಲ ನೀರು ಬಿಟ್ಟು ಎಲ್ಲಾ ತೂತಲ್ಲೂ ತೊಟ್ಟಿಕ್ಕುತ್ತಾ ಅಂತ ನೋಡಿಯೇ ಪೇಪರ್ ಹಾಸಬೇಕು. ನಮ್ಮ ಬೋರ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ ಇರೋ ಕಡೆ ತೂತು ಕಟ್ಟಿಕೊಂಡಿರುತ್ತೆ. ಪೇಪರ್ ಮುಚ್ಚಿದ ಮೇಲೆ ಯಾವ ತೂತು ಕಟ್ಟಿದೆ ಅಂತ ಗೊತ್ತಾಗೋದು ಗಿಡ ಬಾಡಿದ ಮೇಲೇ.

ಪೇಪರ್‌ನಲ್ಲಿ ಬೆಳ್ಳಿ ಬಣ್ಣ ಮೇಲೆ, ಕಪ್ಪು ಕೆಳಗೆ. ಕಪ್ಪು ಬದಿ ಕಳೆ ಬರದಂಗೆ ತಡೆಯುತ್ತೆ. ಬೆಳ್ಳಿ ಬದಿ ಬಿಸಿಲನ್ನ ವಾಪಸ್ ಚಿಮ್ಮುತ್ತೆ, ಆ ಹೊಳಪಿಗೆ ಬಿಳಿ ನೊಣ, ನುಸಿ ಎಲೆ ಅಡಿಗೆ ಬಂದು ಕೂರೋದು ಕಮ್ಮಿಯಾಗುತ್ತೆ. ಐದು ಅಡಿ ಸಾಲಿಗೆ ಅರ್ಧ ಎಕರೆಗೆ 400 ಮೀಟರ್‌ನ ರೋಲ್ ಮೂರೂವರೆ ಬೇಕು, ನಾಲ್ಕು ತರಬೇಕಾಗುತ್ತೆ. ಕೆಂಡ ತುಂಬಿದ ಡಬ್ಬ ಒತ್ತಿ ತೂತು ಮಾಡೋದನ್ನ ನೋಡಿರ್ತೀರಿ. ಸಸಿ ಆ ತೂತಿನ ಸರಿ ಮಧ್ಯಕ್ಕೆ ಕೂರಬೇಕು, ಕಾಂಡ ಕಾದ ಪೇಪರ್‌ಗೆ ತಾಗಿದ್ರೆ ಮಧ್ಯಾಹ್ನದೊಳಗೆ ಕುತ್ತಿಗೆ ಬೆಂದು ಮಲಗುತ್ತೆ. ಬೆಳೆ ಮುಗಿದ ಮೇಲೆ ಆ ಪೇಪರ್ ಗತಿ ಏನು ಅಂತ ಕೇಳಬೇಡಿ. ಬದುವಿನ ಮೇಲೆ ಸುಡ್ತಾರೆ, ಇಲ್ಲಾ ಹೊಲದಲ್ಲೇ ಚಿಂದಿಯಾಗಿ ಉಳಿದಿರುತ್ತೆ. ಈ ಬಗ್ಗೆ ಬೇರೆಯೇ ವರದಿ ಬರೀಬೇಕು.

ನಾರು ತರೋ ವಿಷಯಕ್ಕೆ ಬಂದ್ರೆ, ನರ್ಸರಿಯಲ್ಲಿ ಬುಕ್ ಮಾಡಿದ ದಿನದಿಂದ 25 ದಿನ. ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲಿ ಬೆಳೆದಿರುತ್ತೆ. 22ರಿಂದ 28 ದಿನದ ನಾರು ಸರಿ. ಹೊಲ ರೆಡಿ ಇಲ್ಲ ಅಂತ 35, 40 ದಿನ ನರ್ಸರಿಯಲ್ಲೇ ಬಿಟ್ಟ ನಾರನ್ನ ತರಬೇಡಿ, ಬೇರು ಗುಳಿಯೊಳಗೇ ಸುತ್ತಿಕೊಂಡಿರುತ್ತೆ, ಹೊಲಕ್ಕೆ ಇಟ್ಟ ಮೇಲೂ ಅದು ಬಿಚ್ಚಿಕೊಳ್ಳೋದು ನಿಧಾನ. ನರ್ಸರಿಗೆ ಹೋದಾಗ ನಾರಿಗಿಂತ ಮೊದಲು ನೋಡಬೇಕಾದದ್ದು ಬಲೆ. ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಲೆ ಸುತ್ತಲೂ ಹರಿಯದೆ ಇದೆಯಾ, ಬಾಗಿಲು ಎರಡಿದೆಯಾ? ಟ್ರೇ ಎತ್ತಿ ಅಲ್ಲಾಡಿಸಿ. ಬಿಳೀದು ಹಾರಿದ್ರೆ ಅಡ್ವಾನ್ಸ್ ಹೋದ್ರೂ ಹೋಗ್ಲಿ, ಆ ನಾರು ಬೇಡ.

ನಾಟಿ ಸಾಯಂಕಾಲ ನಾಲ್ಕರ ಮೇಲೆ. ಬೆಳಗ್ಗೆ ನೆಟ್ಟ ಸಸಿಗೆ ಮೊದಲ ದಿನವೇ ಪೂರ್ತಿ ಬಿಸಿಲು. ಸಾಯಂಕಾಲ ನೆಟ್ಟರೆ ಒಂದು ರಾತ್ರಿ ಸುಧಾರಿಸಿಕೊಳ್ಳುತ್ತೆ. ಕೂಲಿಯವರು ಸಿಗೋದು ಬೆಳಗ್ಗೆ, ಹಂಗಾಗಿ ಹೆಚ್ಚಿನ ಕಡೆ ಬೆಳಗ್ಗೆಯೇ ನೆಡ್ತಾರೆ. ಮನೆಯವರೇ ಸೇರಿ ಎರಡು ಸಾಯಂಕಾಲದಲ್ಲಿ ಮೂರು ಸಾವಿರ ನೆಡೋದು ಕಷ್ಟವೇನಲ್ಲ.

ಮೊದಲ 30 ದಿನ ಬಿಳಿ ನೊಣದ ಜೊತೆ

ಬೇಸಿಗೆ ಟೊಮೆಟೊ ಹೋಗೋದು ಹೆಚ್ಚಾಗಿ ಎಲೆ ಮುದುಡು ರೋಗದಿಂದ. ಇದು ವೈರಸ್. ಬಂದ ಮೇಲೆ ಯಾವ ಔಷಧಿಗೂ ಹೋಗಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಅಂಗಡಿ ಮುಂದೆ ಹಾಕ್ಬೇಕು. ಹರಡೋದು ಬಿಳಿ ನೊಣ. ಬಿಸಿಲು ಏರಿದಂಗೆ ಅದರ ಸಂತತಿ ಏರುತ್ತೆ. ನಾಟಿಯಾಗಿ 30 ದಿನದೊಳಗೆ ಬಂದ ಗಿಡದಲ್ಲಿ ಕಾಯಿ ಲೆಕ್ಕಕ್ಕೆ ಸಿಗಲ್ಲ. ಎರಡು ತಿಂಗಳ ಮೇಲೆ ಬಂದ್ರೆ ಅಷ್ಟು ನಷ್ಟ ಇಲ್ಲ, ಕೆಳಗಿನ ಗೊಂಚಲು ಆಗ್ಲೇ ಬಲಿತಿರುತ್ತೆ. ಅಂದ್ರೆ ಕಾಯಬೇಕಾಗಿರೋದು ಆ ಮೊದಲ ತಿಂಗಳು.

ಮುದುಡಿದ ಗಿಡ ಕಂಡ ದಿನವೇ ಕಿತ್ತು ಹೂಳಬೇಕು. ಬದುವಿನ ಮೇಲೆ ಎಸೆದ್ರೆ ನೊಣ ಅಲ್ಲಿಂದ ಎದ್ದು ಪಕ್ಕದ ಗಿಡಕ್ಕೆ ಹೋಗುತ್ತೆ. ಹೊಲದ ಸುತ್ತ ಎರಡು ಸಾಲು ಜೋಳ, ಮೆಕ್ಕೆಜೋಳ ಮೊದಲೇ ಹಾಕಿದ್ರೆ ಗಾಳಿ ಜೊತೆ ಬರೋ ನೊಣಕ್ಕೆ ಅಡ್ಡಗೋಡೆ, ಕೊನೆಗೆ ಹಸುಗೆ ಮೇವು. ಹಳದಿ ಅಂಟು ಕಾರ್ಡ್ ಬಿಳಿ ನೊಣಕ್ಕೆ, ನೀಲಿ ನುಸಿಗೆ. ಕಾರ್ಡ್ ಕಟ್ಟಿದ್ರೆ ನೊಣ ಪೂರ್ತಿ ಹೋಗಲ್ಲ, ಎಷ್ಟಿದೆ ಅಂತ ಗೊತ್ತಾಗುತ್ತೆ, ಸುಮ್ಮನೆ ವಾರಕ್ಕೆರಡು ಸಲ ಔಷಧಿ ಹೊಡೆಯೋದು ತಪ್ಪುತ್ತೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭೇದ್ ತಳಿಗಳಿಗೆ ಎಲೆ ಮುದುಡು, ದುಂಡಾಣು ಸೊರಗು ತಡೆಯೋ ಶಕ್ತಿ ಇದೆ. ಮಂಡಿಯಲ್ಲಿ ನಡೆಯೋ ತಳಿ ಯಾವುದು ಅಂತಲೂ ನೋಡಬೇಕು ನಿಜ, ಒಂದೆರಡು ಸಾಲು ಹಾಕಿ ನೋಡೋಕೆ ಏನೂ ಅಡ್ಡಿಯಿಲ್ಲ.

ಪಕ್ಕದ ಹೊಲದ ಕಥೆ ಬೇರೆ. ರೇಟಿಲ್ಲ ಅಂತ ಬಿಟ್ಟ ಹಳೇ ಟೊಮೆಟೊ ಗಿಡ ಕೀಳದೆ ಹಂಗೇ ನಿಂತಿದ್ರೆ ಅದು ಇಡೀ ಊರಿಗೆ ನೊಣ ಸಾಕೋ ಜಾಗ. ಅಣ್ಣತಮ್ಮಂದಿರ ಹೊಲ ಆದ್ರೆ ಹೇಳೋಕೂ ಸಂಕೋಚ. ಆದರೂ ನಾಟಿಗೆ ಮೊದಲು ಹೋಗಿ ಒಂದು ಮಾತು ಕೇಳಿ, ಅವರು ಬಿಡುವಿಲ್ಲ ಅಂದ್ರೆ ನೀವೇ ರೋಟವೇಟರ್ ಹೊಡೆಸಿಕೊಡಿ. ಔಷಧಿ ಖರ್ಚಿಗಿಂತ ಅಗ್ಗ.

ಕಾಯಿಕೊರಕಕ್ಕೆ ಚೆಂಡು ಹೂವಿನ ಉಪಾಯ ಹಳೇದು, ಆದ್ರೆ ಅರ್ಧಂಬರ್ಧ ಮಾಡ್ತಾರೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು, ಅದೂ 25 ದಿನದ ಟೊಮೆಟೊ ನಾರಿನ ಜೊತೆ 40 ದಿನದ ಚೆಂಡು ಹೂ ಸಸಿ. ಎರಡೂ ಒಂದೇ ಹೊತ್ತಿಗೆ ಹೂವಿಗೆ ಬರಲಿ ಅಂತ ಈ ಲೆಕ್ಕ. ಒಂದೇ ವಯಸ್ಸಿನ ಸಸಿ ನೆಟ್ಟರೆ ಪತಂಗ ಬಂದು ಟೊಮೆಟೊ ಮೇಲೇ ಮೊಟ್ಟೆ ಇಡುತ್ತೆ. ನಮ್ಮ ಕಡೆ ಊಜಿ ಅಂತ ಕರೆಯೋ ಸಣ್ಣ ಹುಳ ಬೇರೆ, ಅದರ ನಿಜವಾದ ಹೆಸರು ಟೂಟಾ. ದಕ್ಷಿಣ ಅಮೆರಿಕದ್ದು, ಭಾರತದಲ್ಲಿ ಮೊದಲು ಕಂಡಿದ್ದು 2014ರಲ್ಲಿ, ಮಹಾರಾಷ್ಟ್ರದಲ್ಲಿ. ಎಲೆಯೊಳಗೆ ಸುರಂಗ ಮಾಡಿ, ಕಾಯಿಗೆ ಗುಂಡುಸೂಜಿಯಷ್ಟು ತೂತು ಮಾಡುತ್ತೆ. ಇದಕ್ಕೆ ಚೆಂಡು ಹೂವು ಕೆಲಸ ಮಾಡಲ್ಲ, ಮೋಹಕ ಬಲೆ ಬೇಕು.

ಕಡ್ಡಿ ನೆಡೋದು, ದಾರ ಕಟ್ಟೋದು ನಾಟಿಯಾಗಿ ಮೂರು ನಾಲ್ಕು ವಾರದೊಳಗೆ ಮುಗೀಬೇಕು. ನೀಲಗಿರಿ ಕಡ್ಡಿ ಮೂರು ನಾಲ್ಕು ಬೆಳೆಗೆ ಬರುತ್ತೆ. ಮುಂದೂಡೋದು ಯಾಕೆ ಬೇಡ ಅಂದ್ರೆ ಮಾರ್ಚ್ ಕೊನೆಗೆ ರೇವತಿ, ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ಕೊನೆ ವಾರದಲ್ಲಿ ಭರಣಿ. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತ ಹಿರಿಯರು ಹೇಳೋದು ರಾಗಿ ಹೊಲಕ್ಕೆ ಸರಿ. ಟೊಮೆಟೊದವರಿಗೆ ಅದು ಬಿರುಗಾಳಿ, ಆಲಿಕಲ್ಲು. ನೆಲಕ್ಕೆ ಬಿದ್ದ ಗಿಡದ ಕಾಯಿಗೆ ಮಾರನೇ ದಿನದಿಂದಲೇ ಕೊಳೆ. ಕಡ್ಡಿ ಗಟ್ಟಿಯಾಗಿ ನಿಂತಿದ್ರೆ ಆಲಿಕಲ್ಲಿನ ಏಟು ತಪ್ಪಲ್ಲ, ಗಿಡ ಆದ್ರೂ ಉಳಿಯುತ್ತೆ.

ಉಳಿದರ್ಧ ಎಕರೆಗೆ ಏನು?

ನೀರು ಮೂರು ಸಾವಿರ ಗಿಡಕ್ಕೆ ಅಂತ ಆದಮೇಲೆ ಉಳಿದ ನೆಲ ಖಾಲಿ ಬಿಡೋದಾ ಅಂತ ಕೇಳ್ತಾರೆ. ಬೇಸಿಗೆಯಲ್ಲಿ ಹೌದು, ಬಹುಪಾಲು ಖಾಲಿಯೇ. ಐದಾರು ಗುಂಟೆಯಲ್ಲಿ ಸೊಪ್ಪು ಹಾಕೋಷ್ಟು ನೀರು ಟೊಮೆಟೊ ಗಿಡ ಚಿಕ್ಕದಿರೋವಾಗ ಇರುತ್ತೆ. ಮೊದಲ ಒಂದು ತಿಂಗಳು ಒಂದೊಂದು ಗಿಡಕ್ಕೆ ಒಂದು ಲೀಟರ್ ಸಾಕು. ಆ ಉಳಿಕೆ ನೀರಲ್ಲಿ ದಂಟು, ಮೆಂತ್ಯ 25ರಿಂದ 30 ದಿನಕ್ಕೆ ಕೈಗೆ ಬರುತ್ತೆ, ಟೊಮೆಟೊಗೆ ನೀರು ಜಾಸ್ತಿ ಬೇಕಾಗೋ ಹೊತ್ತಿಗೆ ಸೊಪ್ಪು ಕಿತ್ತಾಗಿರುತ್ತೆ. ಕೊತ್ತಂಬರಿಗೆ 40 ದಿನ ಬೇಕು, ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತೆ, ಮೊಳಕೆಯೂ ಕಮ್ಮಿ. ಬೀಜ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿದ್ರೆ ಸ್ವಲ್ಪ ವಾಸಿ. ಕಷ್ಟ ಇರೋದಕ್ಕೇ ಬೇಸಿಗೆ ಕೊನೆಗೆ ಕೊತ್ತಂಬರಿ ಕಟ್ಟಿಗೆ ರೇಟು. ಹುರುಳಿಕಾಯಿ ಹಾಕೋರೂ ಇದ್ದಾರೆ, 50 ದಿನಕ್ಕೆ ಬರುತ್ತೆ, ಆದ್ರೆ ಬಿಸಿಲಿಗೆ ಹೂವು ಉದುರೋದು ಇದರಲ್ಲೂ ಇದೆ.

ಸೊಪ್ಪಿನ ದುಡ್ಡು ಸಣ್ಣದು. ಆದ್ರೆ ವಾರದ ಸಂತೆಯಲ್ಲಿ ಮನೆಯ ಹೆಂಗಸರ ಕೈಗೆ ನೇರ ಬರೋ ದುಡ್ಡು, ಮಂಡಿ ಚೀಟಿಗೆ ಸಿಕ್ಕಲ್ಲ. ಟೊಮೆಟೊ ಮೊದಲ ಕೊಯ್ಲು ಬರೋಕೆ ನಾಟಿಯಿಂದ 65, 75 ದಿನ. ಆ ಎರಡೂವರೆ ತಿಂಗಳು ಮನೆಗೆ ಹಾಲಿನ ದುಡ್ಡು, ಸೊಪ್ಪಿನ ದುಡ್ಡು ಬಿಟ್ರೆ ಬೇರೇನೂ ಬರಲ್ಲ. ಈ ಗ್ಯಾಪ್‌ನಲ್ಲೇ ಮಂಡಿಯಿಂದ ಮುಂಗಡ ತಗೊಳ್ಳೋದು. ಮುಂಗಡ ತಗೊಂಡ ಮೇಲೆ ಬಾಕ್ಸ್ ಅದೇ ಮಂಡಿಗೆ ಹೋಗ್ಬೇಕು, ಪಕ್ಕದ ಮಂಡಿಯಲ್ಲಿ ಹತ್ತು ರೂಪಾಯಿ ಜಾಸ್ತಿ ಕೂಗಿದ್ರೂ ನೋಡ್ತಾ ನಿಲ್ಲಬೇಕು.

ಬಾಕ್ಸ್ ಎಷ್ಟಕ್ಕೆ ಹೋದ್ರೆ ಅಸಲು?

ಖರ್ಚು ಹೊಲದಿಂದ ಹೊಲಕ್ಕೆ ಬದಲಾಗುತ್ತೆ, ನಿಮ್ಮ ಅಂಕಿ ನೀವು ಹಾಕ್ಕೊಳ್ಳಿ. ನಾನು ಲೆಕ್ಕದ ದಾರಿ ಮಾತ್ರ ತೋರಿಸ್ತೀನಿ. ಅರ್ಧ ಎಕರೆ, ಮೂರು ಸಾವಿರ ಗಿಡ. ಉಳುಮೆ, ಗೊಬ್ಬರ, ಪೇಪರ್, ನಾರು, ಕಡ್ಡಿ, ಔಷಧಿ, ಕೂಲಿ ಎಲ್ಲಾ ಸೇರಿ ಒಂದೂಕಾಲು ಲಕ್ಷ ಅಂತಿಟ್ಕೊಳ್ಳೋಣ. ನೀರು ಸರಿಯಾಗಿ ಸಿಕ್ಕ ಗಿಡದಲ್ಲಿ ಮಾರೋಕೆ ಯೋಗ್ಯವಾದದ್ದು ನಾಲ್ಕು ಕೆ.ಜಿ. ಅಂದ್ರೆ 12 ಸಾವಿರ ಕೆ.ಜಿ., 15 ಕೆ.ಜಿ. ಬಾಕ್ಸ್‌ನಲ್ಲಿ 800 ಬಾಕ್ಸ್. ಒಂದು ಬಾಕ್ಸ್ ಮೇಲೆ ಬಿದ್ದ ಖರ್ಚು 156 ರೂಪಾಯಿ. ಕೀಳೋ ಕೂಲಿ, ಟೆಂಪೊ, ಇಳಿಸೋದು ಸೇರಿ ಬಾಕ್ಸ್‌ಗೆ 40 ಅಂತ ಹಿಡಿದ್ರೆ 196. ಇದರ ಮೇಲೆ ನೂರಕ್ಕೆ ಹತ್ತು ಕಮಿಷನ್ ಮುರಿದುಕೊಂಡ್ರೆ ಮಂಡಿಯಲ್ಲಿ ಬಾಕ್ಸ್ 218 ರೂಪಾಯಿಗೆ ಹೋದ್ರೆ ಅಸಲು.

ಈಗ ಅದೇ ಒಂದೂವರೆ ಇಂಚು ನೀರಿಗೆ ಪೂರ್ತಿ ಎಕರೆ ನೆಟ್ಟವರ ಲೆಕ್ಕ ನೋಡಿ. ಗಿಡ ಆರು ಸಾವಿರ, ಖರ್ಚು ಎರಡೂವರೆ ಲಕ್ಷ. ನೀರು ಅರ್ಧ ಸಿಕ್ಕಿದ ಗಿಡ ಎರಡು ಕೆ.ಜಿ. ಒಳ್ಳೇ ಕಾಯಿ ಕೊಟ್ರೆ ಅದೇ ಹೆಚ್ಚು. ಬಾಕ್ಸ್ ಅಷ್ಟೇ, 800. ಒಂದೊಂದಕ್ಕೆ ಬಿದ್ದ ಖರ್ಚು 312, ಮೇಲೆ 40, ಕಮಿಷನ್ ಸೇರಿ 391 ರೂಪಾಯಿ ಆದ್ರೆ ಅಸಲು. ಇಬ್ಬರ ಬಾಕ್ಸೂ ಒಂದೇ ಮಂಡಿ ಮುಂದೆ, ಒಂದೇ ಹರಾಜಿನಲ್ಲಿ ಇರುತ್ತೆ. 300ಕ್ಕೆ ಕೂಗು ನಿಂತ್ರೆ ಒಬ್ಬ ನಗ್ತಾ ಹೋಗ್ತಾನೆ, ಇನ್ನೊಬ್ಬನಿಗೆ ಎಪ್ಪತ್ತು ಸಾವಿರದ ಹತ್ತಿರ ನಷ್ಟ. ಹೊರಗಿನಿಂದ ನೋಡಿದವರಿಗೆ ಜಾಸ್ತಿ ನೆಟ್ಟವನೇ ದೊಡ್ಡ ರೈತ.

ರಸ್ತೆಗೆ ಟೊಮೆಟೊ ಸುರಿಯೋ ಫೋಟೊ ಪ್ರತಿ ವರ್ಷ ಹಾಕ್ತೀವಿ. “ಅಯ್ಯೋ, ಬಡವರಿಗೆ ಹಂಚಬಾರದಿತ್ತಾ” ಅಂತ ಕಾಮೆಂಟ್ ಬರುತ್ತೆ. ಮೇಲಿನ ಲೆಕ್ಕದಲ್ಲಿ ಕಿತ್ತು ಮಂಡಿಗೆ ಹಾಕೋದಕ್ಕೇ ಬಾಕ್ಸ್‌ಗೆ 40 ಖರ್ಚು, ಕಮಿಷನ್ ಸೇರಿದ್ರೆ 45. ರೇಟು ಅದಕ್ಕಿಂತ ಕೆಳಗೆ ಹೋದ ದಿನ, ಅಂದ್ರೆ ಕೆ.ಜಿ.ಗೆ ಮೂರು ರೂಪಾಯಿ ಮುಟ್ಟಿದ ದಿನ, ಗಿಡದಲ್ಲೇ ಬಿಡೋದು ಕಮ್ಮಿ ನಷ್ಟ. ಮಂಡಿ ತನಕ ತಂದು ಅಲ್ಲಿ ರೇಟು ಕೇಳಿದವನು ವಾಪಸ್ ತಗೊಂಡು ಹೋಗೋ ಟೆಂಪೊ ಬಾಡಿಗೆ ಎಲ್ಲಿಂದ ತರ್ತಾನೆ?

ಕಮಿಷನ್ ವಿಷಯ. ಎಪಿಎಂಸಿ ಕಾನೂನಿನ ಪ್ರಕಾರ ದಲ್ಲಾಳಿ ಕಮಿಷನ್ ತಗೋಬೇಕಾಗಿರೋದು ಖರೀದಿದಾರರಿಂದ, ರೈತರಿಂದ ಅಲ್ಲ. ಆದರೂ ರೈತರ ಪಟ್ಟಿಯಲ್ಲಿ ಮುರಿದುಕೊಳ್ಳೋದು, ಲೆಕ್ಕಕ್ಕೆ ಸಿಗದ ಬಿಳಿ ಚೀಟಿ ಕೊಡೋದು ಎಲ್ಲರಿಗೂ ಗೊತ್ತಿರೋ ಸಂಗತಿ. ನೂರು ಬಾಕ್ಸ್‌ಗೆ ಇಷ್ಟು ಅಂತ ಬಿಟ್ಟಿ ಬಾಕ್ಸ್ ಎತ್ತಿಡೋದೂ ಇದೆ, ಜಾಕ್ ಅಂತಾರೆ. ಎಲ್ಲಾ ಮಂಡಿಯವರೂ ಒಂದೇ ಥರ ಇಲ್ಲ, ಲೆಕ್ಕ ಸರಿಯಾಗಿ ಕೊಡೋರೂ ಇದ್ದಾರೆ. ದೂರು ಕೊಡಬೇಕಾದ್ರೆ ಎಪಿಎಂಸಿ ಕಾರ್ಯದರ್ಶಿಗೆ ಲಿಖಿತವಾಗಿ ಕೊಡಬೇಕು, ಬರೀ ಬಾಯಿಮಾತಿಗೆ ಏನೂ ಆಗಲ್ಲ. ಅದಕ್ಕೆ ಬೇಕಾಗಿರೋದು ಚೀಟಿ. ಬಿಳಿ ಚೀಟಿ ಆದ್ರೂ ಸರಿ, ದಿನಾಂಕ, ಬಾಕ್ಸ್ ಸಂಖ್ಯೆ, ರೇಟು, ಮುರಿದದ್ದು ಎಷ್ಟು ಅಂತ ಬರೆಸಿಕೊಂಡು ಮೊಬೈಲ್‌ನಲ್ಲಿ ಫೋಟೊ ಹೊಡೆದಿಟ್ಕೊಳ್ಳಿ. ಶರ್ಟ್ ಜೇಬಲ್ಲಿಟ್ಟ ಚೀಟಿ ಬಟ್ಟೆ ಒಗೆದ ದಿನ ಹೋಗಿರುತ್ತೆ.

ಮಾರ್ಚ್ ಮೊದಲ ವಾರ ನೆಟ್ಟರೆ ಮೇ ಮಧ್ಯಕ್ಕೆ ಮೊದಲ ಕೊಯ್ಲು. ಏಪ್ರಿಲ್ ಮೊದಲ ವಾರ ನೆಟ್ಟರೆ ಜೂನ್ ಮಧ್ಯ. ಮದನಪಲ್ಲಿ, ಮಹಾರಾಷ್ಟ್ರದ ನಾರಾಯಣಗಾಂವ್ ಕಡೆಯ ಮಾಲೂ ಇದೇ ಹೊತ್ತಿಗೆ ಬರುತ್ತೆ, ಅಲ್ಲಿ ಬೆಳೆ ಹೇಗಿದೆ ಅನ್ನೋದರ ಮೇಲೆ ನಮ್ಮ ರೇಟೂ ನಿಂತಿರುತ್ತೆ. ಎಲ್ಲಾ ಮೂರು ಸಾವಿರವನ್ನೂ ಒಂದೇ ದಿನ ನೆಡದೆ, ಎರಡು ಕಂತು ಮಾಡಿ ಮೂರು ವಾರ ಅಂತರ ಕೊಡೋ ರೈತರು ನಮ್ಮ ಹೋಬಳಿಯಲ್ಲಿ ಕೆಲವರಿದ್ದಾರೆ. ಎರಡನೇ ಕಂತಿನ ನಾರು ಬುಕ್ ಮಾಡೋ ಮೊದಲು ಅವರು ಡ್ರಮ್ ಇಟ್ಟು ಮತ್ತೊಂದ್ಸಲ ನೀರು ಅಳೀತಾರೆ.